ಎಡಗಾಲಿಗೆ ಸೂಟಿ

“ಶಿವಗಣಾರಾಧನಿ ದಿನ ನೀವೂ ಎರಡ ಮಾತ ಆಡಬೇಕ್ರಿ ಮಾಸ್ತರ. ಅಕ್ಕನ ಜೋಡಿ ಹೆಚ್ಚ ತಿರಗಿದವ್ರು ನೀವ,” ಎಂದು, ಡಾಕ್ಟರ್ ಅಕ್ಕಾರು ತೀರಿಕೊಂಡ ಮೇಲೆ, ಅವರ ತಮ್ಮ ಫೋನಿನಲ್ಲಿ ಹೇಳಿದಾಗ ಹೂಂ ಅಂದುಬಿಟ್ಟೆ. ಆಮೇಲೆ ಕುಳಿತು ಯೋಚಿಸಿದರೆ, ಅವರ ಬಗ್ಗೆ ನನಗೆ ಖಾತ್ರಿಯಾಗಿ ಗೊತ್ತಿರುವುದು ಬಹಳ ಕಡಿಮೆ ಅನ್ನಿಸಿತು.

ಗೋಕಾಕದಲ್ಲಿ ಅವರ ಮನೆಯ ಮಾಳಿಗೆಯ ಮೇಲೆ ನಾನು ಕೆಲವು ವರ್ಷ ಬಾಡಿಗೆಗಿದ್ದೆ. ಕೆಳಗೆ ಅವರು, ಅವರ ತಮ್ಮ, ತಮ್ಮನ ಹೆಂಡತಿ. ಅವರು ದನದ ಡಾಕ್ಟರು. ಊರು ಅವರನ್ನು ಡಾಕ್ಟರ್ ಅಕ್ಕಾರು ಎನ್ನುತ್ತಿತ್ತು, ನಾನೂ ಅಕ್ಕಾರು ಎಂದೆ. ಅಲ್ಲಿನ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಹೇಳುತ್ತಿದ್ದೆ. ಕಣ್ಣಾರೆ ಕಂಡೆ ಎಂದು ಯಾರಾದರೂ ಆಣೆ ಮಾಡಿದರೆ ಅವರನ್ನೇ ಮೊದಲು ಅನುಮಾನಿಸಬೇಕು ಎಂದು ನನಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ನಾನು ಅದನ್ನೇ ಹುಡುಗರಿಗೆ ಕಲಿಸಿದೆ. ಈಗ ಅಕ್ಕಾರ ಬಗ್ಗೆ ಬರೆಯಲು ಕೂತರೆ ಆ ಪಾಠ ನನಗೇ ತಿರುಗಿಬಿದ್ದಿದೆ. ಅವರ ಕಾರು ಬೂದು ಬಣ್ಣದ್ದು ಎಂದು ಬರೆದು, ಹೌದೇ ಎಂದು ನಿಂತಿದ್ದೇನೆ.

ಬೂಟಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಸಣ್ಣಂದಿನಲ್ಲಿ ಪೋಲಿಯೋ ಬಂದು ಅವರ ಎಡಗಾಲು ಬಡಕಲಾಗಿ ಉಳಿದಿತ್ತು. ಮೊಣಕಾಲಿನತನಕ ಉಕ್ಕಿನ ಪಟ್ಟಿಗಳಿದ್ದ ಭಾರವಾದ ಬೂಟು ಹಾಕುತ್ತಿದ್ದರು. ಅವರು ಅಂಗಳದಲ್ಲಿ ನಡೆದರೆ ಮೇಲಿದ್ದ ನನಗೆ ಕೇಳುತ್ತಿತ್ತು. ಒಂದು ಹೆಜ್ಜೆ ಸದ್ದಿಲ್ಲದ್ದು, ಇನ್ನೊಂದು ಠಕ್ಕೆನ್ನುವುದು. ಕಾರು ಹತ್ತಿದ ಕೂಡಲೇ ಆ ಬೂಟಿನ ಪಟ್ಟಿ ಬಿಚ್ಚಿ, ಬೂಟನ್ನು ಬಾಜೂ ಕುಳಿತವರ ತೊಡೆಯ ಮೇಲೆ ಇಟ್ಟುಬಿಡುತ್ತಿದ್ದರು. ಕುಳಿತವರು ಅವರ ಮೇಲಧಿಕಾರಿಯಾದರೂ ಅಷ್ಟೇ.

“ಹಿಡಕೊಳ್ರಿ. ಈ ಗಾಡ್ಯಾಗ ಎಡಗಾಲಿಗಿ ಸೂಟಿ.”

ಅದು ಕ್ಲಚ್ ಇಲ್ಲದ ಕಾರು. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ, ಬಲಗಾಲೊಂದೇ ಸಾಕು. ಇಂಥ ಕಾರುಗಳು ನಮ್ಮ ಕಡೆ ಅಪರೂಪವಾಗಿದ್ದಾಗ ಅದನ್ನು ಪುಣೆಯಿಂದ ಸೆಕೆಂಡ್ ಹ್ಯಾಂಡ್ ತರಿಸಿದ್ದರು. “ಇದನ್ನ ಕಂಡಹಿಡದಾವ ಯಾವನೋ ಏನೋ. ನನ್ನ ಕಾಲಿನ ಸುದ್ದಿ ಅವಂಗ ಯಾರ ಹೇಳಿದ್ರೋ,” ಎಂದು ನಗುತ್ತಿದ್ದರು.

ರವಿವಾರ ನನಗೆ ಕೆಲಸವಿರುತ್ತಿರಲಿಲ್ಲ, ಸುಮ್ಮನೆ ಕೂಡುವ ಸ್ವಭಾವವೂ ಇರಲಿಲ್ಲ. ಹುಕ್ಕೇರಿಯ ಕಡೆ ಕುರಿಗಾರರು ಹಿಂಡು ತರುಬಿದ ಹೊಲಗಳಿಗೆ ಅವರು ಹೊರಟರೆ ಬೂಟು ಹಿಡಿಯಲು ನಾನು. ಎಮ್ಮೆಯೋ ಆಕಳೋ ಮೇವು ಬಿಟ್ಟಿದೆ ಎಂದರೆ, ಅದರ ಎಡಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಹೊಟ್ಟೆ ತಿರುವಿದ್ದು ಕೈಗೆ ತಿಳಿಯುವತನಕ ಯಾರೂ ಮಾತಾಡುವಂತಿಲ್ಲ. ಒಮ್ಮೆ ಒಬ್ಬ ಕುರಿಗಾರ ತಡೆಯಲಾರದೆ, “ಅಕ್ಕಾರ, ಬದಕತೈತಿಲ್ರಿ? ಬದಕತೈತಿಲ್ರಿ?” ಎಂದು ಸುತ್ತಲೇ ತಿರುಗಿದ.

“ಕುರಿ ಬದಕತೈತಪಾ. ನೀ ಹಿಂಗ ಒದರಿದ್ರ ನಾ ಸಾಯ್ತೇನಿ.”

ಬರುವಾಗ ಅವರದೊಂದು ರೂಢಿ ಇತ್ತು. ಹಿಂದಿನದನ್ನು ತೋರಿಸುವ ಕನ್ನಡಿಯತ್ತ ಕಣ್ಣು ಹಾಯಿಸಿ, “ಹಾಲಿನಾವ ಬಂದ,” ಎಂದು ವೇಗ ಇಳಿಸುತ್ತಿದ್ದರು. ನಾನು ತಿರುಗಿ ನೋಡಿದರೆ ದೂರದಲ್ಲಿ, ಎರಡೂ ಬದಿ ಕ್ಯಾನು ತೂಗುಬಿಟ್ಟ ಒಂದು ಮೋಟರ್ ಸೈಕಲ್. “ಮುಂದ ಹೋಗ್ಲಿ ಬಿಡ್ರಿ, ಹಾಲ ಕೆಡತೈತಿ ಅವಂದು,” ಎಂದು ನಾನಂದರೆ, “ಅವಾ ಮುಂದ ಹೋಗೂ ಪೈಕಿ ಅಲ್ರಿ ಮಾಸ್ತರ,” ಎನ್ನುತ್ತಿದ್ದರು. ಆ ಹಾಲಿನವನು ಒಮ್ಮೆಯೂ ನಮ್ಮನ್ನು ದಾಟಿ ಹೋದದ್ದು ನೆನಪಿಲ್ಲ.

ಅವರ ತಮ್ಮನಿಗೆ ಪೇಟೆಯಲ್ಲಿ ದನದ ಹಿಂಡಿಯ ಅಂಗಡಿ. ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಅಕ್ಕ ಕಾರಿನ ಕೀಲಿ ಕೈಗೆತ್ತಿಕೊಂಡರೆ ಸಾಕು, ಅವರ ಮುಖ ಸಣ್ಣದಾಗುತ್ತಿತ್ತು. “ಒಬ್ಬ ಡ್ರೈವರ್ ಇಡೂಣ ಅಕ್ಕಾ. ಇಲ್ಲಾ ನಾ ಬಿಟ್ಟಬರ್ತೇನಿ.” ಅಕ್ಕಾರು ಇದನ್ನು ನಗೆಯಲ್ಲೇ ತೇಲಿಸುತ್ತಿದ್ದರು. ನನ್ನೊಬ್ಬನ ಎದುರು ಒಮ್ಮೆ ಮಾತ್ರ ನಗದೆ ಹೇಳಿದರು:

“ಸಣ್ಣಾಕಿದ್ದಾಗ ಅವ್ವ ಎತ್ತಿಕೊಂಡ ಹೋಗ್ತಿದ್ಲು. ಸಾಲಿಗಿ ಇವನ ಸೈಕಲ್ ಮ್ಯಾಲ. ಕಾಲೇಜಿಗಿ ಅಪ್ಪನ ಗಾಡಿ ಮ್ಯಾಲ. ನಾ ಎಲ್ಲಿಗರೆ ಹೋಗಬೇಕಂದ್ರ ಯಾರರೆ ಬಂದು ‘ಹೋಗೂಣು’ ಅನಬೇಕ್ರಿ. ಎಲ್ಲಾರೂ ಪ್ರೀತೀಲೇ ಅಂತಿದ್ರು, ಸುಳ್ಳ ಹೇಳಬಾರದು. ಆದ್ರ ಈ ಗಾಡಿ ಬಂದ ಮ್ಯಾಲ, ಹೋಗೂಣು ಅಂತ ನಾ ಅಂತೇನಿ.”

ಈ ಮಾತನ್ನು ಹೀಗೇ ಆಡಿದರೇ? ಪದಗಳಿಗೆ ನಾನು ಜಾಮೀನು ನಿಲ್ಲಲಾರೆ. ‘ಹೋಗೂಣು’ ಒಂದು ಮಾತ್ರ ಅವರದೇ.

ಕಾರಿಗೆ ಪೆಟ್ಟು ಬಿದ್ದದ್ದು ಹುಕ್ಕೇರಿಯ ಆಚೆ ಒಂದು ಮರಡಿಗುಡ್ಡದಲ್ಲಿ. ಒಣಹುಲ್ಲಿನೊಳಗೆ ಒಂದು ಕಲ್ಲು ತಲೆ ಎತ್ತಿ ಕೂತಿತ್ತು, ನಮಗೆ ಕಾಣಲಿಲ್ಲ. ಕಾಲಡಿಯಲ್ಲಿ ತಗಡು ಹರಿದ ಸದ್ದು. ನಮ್ಮನ್ನು ಕರೆಸಿದ್ದ ಕುರಿಗಾರ ಓಡಿ ಬಂದವನು ಕಾರಿನ ಕೆಳಗೆ ಬಗ್ಗಿ ನೋಡಿ, ತಲೆಗೆ ಕೈಹಚ್ಚಿ ಕೂಗಿದ:

“ಅಯ್ಯಯ್ಯೋ ಅಕ್ಕಾರ! ಮರಿ ಸಿಕ್ಕೈತ್ರಿ ಬುಡಕ! ರಗತ ಹರ್ಯಾಕತ್ತೈತಿ!”

ಅಕ್ಕಾರು ಬೂಟು ಹಾಕಿಕೊಳ್ಳದೆಯೇ ಕಾರು ಹಿಡಿದು ಇಳಿದು, ನೆಲದ ಮೇಲೆ ಕುಳಿತು, ಹರಿಯುತ್ತಿದ್ದ ಕೆಂಪನ್ನು ಬೆರಳಿಗೆ ಹಚ್ಚಿ ಮೂಸಿದರು. “ಮರೀದಲ್ಲಪಾ. ಗಾಡೀದು.” ಆ ಜಾತಿಯ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ ಕೆಂಪಗಿರುತ್ತದೆ ಎಂದು ನನಗೆ ತಿಳಿದದ್ದು ಅವತ್ತು. ಕುರಿಗಾರ ಮಾತ್ರ ಮರಿಗಳನ್ನೆಲ್ಲ ಎಣಿಸಿ ಮುಗಿಸುವವರೆಗೂ ನಂಬಲಿಲ್ಲ.

ಟೆಂಪೋದ ಮೇಲೆ ಹೇರಿಕೊಂಡು ಗೋಕಾಕಕ್ಕೆ ತಂದೆವು. ಗ್ಯಾರೇಜಿನ ಮಿಸ್ತ್ರಿ ಕೆಳಗೆ ತೂರಿಕೊಂಡು ಹೊರಬಂದ. “ಗೇರ್‌ಬಾಕ್ಸಿನ ಬುಡದ ಚೇಂಬರ್ ಹೋಗೇತ್ರಿ ಅಕ್ಕಾರ.” ಬಿಚ್ಚಿ ತೋರಿಸಿದ. ಹಿಟ್ಟು ನಾದುವ ಪರಾತಕ್ಕೆ ಚೌಕಾಕಾರ ಕೊಟ್ಟರೆ ಹೇಗೋ ಹಾಗಿದ್ದ ತಗಡಿನ ತಟ್ಟೆ, ಒಳಗಿನ ಎಣ್ಣೆಯೆಲ್ಲ ಅದರಲ್ಲೇ ನಿಲ್ಲಬೇಕು. ಕಲ್ಲು ಅದನ್ನು ಒಳಕ್ಕೆ ತಳ್ಳಿ, ಒಂದು ಮೂಲೆಯಲ್ಲಿ ಸೀಳಿತ್ತು. ಹೊಸದಕ್ಕೆ ಬೆಳಗಾವಿಗೆ ಫೋನು ಮಾಡಿದರೆ, ಮಾಡೆಲ್ಲೇ ಬಂದ್ ಆಗಿದೆ, ಎಲ್ಲಾದರೂ ಹುಡುಕಬೇಕು, ಯಾವಾಗ ಸಿಕ್ಕೀತೆಂದು ಹೇಳಲಾಗದು ಎಂದರು.

ತಮ್ಮನಿಗೆ ಅದು ದೇವರೇ ಎಸೆದ ಕಲ್ಲಾಗಿ ಕಂಡಿರಬೇಕು. “ಸಾಕ ಬಿಡಕ್ಕಾ. ಇವತ್ತ ಕಲ್ಲಿಗಿ ಹೋತು, ನಾಳೆ ನಡದಾರ್‍ಯಾಗ ನಿಂತ್ರ ಈ ಕಾಲ ತಗೊಂಡ ಎಲ್ಲಿಗಿ ನಡೀತಿ?”

ಅಕ್ಕಾರು, “ರಿಪೇರಿ ಮಾಡಸ್ತೇನಿ. ಏನ ತೋರಸಬೇಕು ಹೇಳು,” ಎಂದರು.

“ಫಾಲ್ಸ್ ರೋಡಿನ ಏರು ಹತ್ತಿ ತೋರಸು. ನಡಬರಕ ನಿಂತ್ರ ಕೀಲಿ ನನ್ನ ಕೈಯಾಗ.”

“ಆತು.”

ಮಿಸ್ತ್ರಿ ತನ್ನಿಂದ ಆಗದು ಎಂದ. ಹಿಗ್ಗಿದ ತೆಳು ತಗಡನ್ನು ಮತ್ತೆ ಸಮ ಮಾಡುವುದಕ್ಕೆ ಬೇರೆ ಕೈ ಬೇಕು. ಆಗ ಅಕ್ಕಾರಿಗೆ ಮೂಡಲಗಿಯ ಒಬ್ಬ ಅಜ್ಜ ನೆನಪಾದ. ಬೆಲ್ಲ ಕಾಯಿಸುವ ಕೊಪ್ಪರಿಗೆಗಳ ತಗ್ಗು ಬಡಿದು, ಸೀಳು ಬೆಸೆದು ಕೊಡುವವನು. ಅವನ ಎಮ್ಮೆಯ ಕಷ್ಟದ ಹೆರಿಗೆ ಇವರು ಮಾಡಿಸಿದ್ದರು. ಚೇಂಬರನ್ನು ಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು. ಈ ಸಲ ನನ್ನ ತೊಡೆಯ ಮೇಲೆ ಬೂಟಿನ ಬದಲು ಅದು. “ಏನ್ರಿ ಸರ ಅದು, ಎಣ್ಣಿ ಸೋರಾಕತ್ತೈತಿ?” ಎಂದು ಕಂಡಕ್ಟರು ಕೇಳಿದರೆ, ನನಗಿಂತ ಮೊದಲು ಅಕ್ಕಾರು, “ನಮ್ಮ ಗಾಡಿ ಹೊಟ್ಟಿರೀ,” ಎಂದರು.

ಅಜ್ಜ ಅದನ್ನು ಹೊರಳಿಸಿ ನೋಡಿ ಮೂಗು ಮುರಿದ. “ಇದ್ರಾಗ ಯಾರ ಬೆಲ್ಲ ಕಾಸ್ತಾರು? ಇಲಿನ?” ಆದರೂ ತಗೊಂಡ. “ಈ ತಾಲೂಕಿನ್ಯಾಗ ನನ್ನ ಕೈ ಹಾದ ಕೊಪ್ಪರಿಗಿ ಒಂದೂ ಸೋರಿಲ್ಲ, ತಿಳೀತಿಲ್ಲ?” ಎಂದು ನನಗೆ ಹೇಳಿದ. ನಾನು ಏನೂ ಕೇಳಿರಲಿಲ್ಲ.

ಮತ್ತೆ ಹೋದಾಗ ಚೇಂಬರು ಗುರುತು ಸಿಗದಷ್ಟು ಬೆಳ್ಳಗಾಗಿತ್ತು. ಬೂದಿ ಹಚ್ಚಿ ತಿಕ್ಕಿದ್ದ. ಸೀಳಿದಲ್ಲಿ ಹಿತ್ತಾಳೆಯ ಬೆಸುಗೆ ಹೊಳೆಯುತ್ತಿತ್ತು. ಅಂಚನ್ನು ಕಲ್ಲಿನ ಮೇಲಿಟ್ಟು ಎಷ್ಟು ಸಮ ಮಾಡಿದ್ದನೆಂದರೆ ಕಾಗದ ತೂರದು. ಆದರೆ ಚೌಕದ ಮೂಲೆಗಳು ಮಾಯವಾಗಿ, ತಳ ದುಂಡಗೆ ಕೆಳಗಿಳಿದಿತ್ತು. ಅಕ್ಕಾರು ಅದರ ಮೇಲೆ ಕೈಯಾಡಿಸಿ, “ಇದ್ಯಾಕ ಅಜ್ಜಾ ಹಿಂಗ?” ಎಂದರು.

“ಮೂಲಿ ಇದ್ರ ಅಲ್ಲೇ ಸೀಯತೈತಿ ನನ್ನ ಮಗಳ. ನಾ ಮೂಲಿ ಬಿಡಂಗಿಲ್ಲ.”

ಒಳಗೆ ಒಂದು ಬೆಲ್ಲದ ಹೆಂಟೆ ಇತ್ತು. ಖಾಲಿ ಪಾತ್ರೆ ಹೊಳ್ಳಿ ಕೊಡಬಾರದಂತೆ. ಗೇರ್‌ಬಾಕ್ಸಿನೊಳಗೆ ಬೆಲ್ಲದ ಹರಳು ಹೋದರೆ ಏನಾದೀತು ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಅಕ್ಕಾರು ದಾರಿಯುದ್ದಕ್ಕೂ ಬೆಲ್ಲ ತಿನ್ನುತ್ತಿದ್ದರು.

ಮಿಸ್ತ್ರಿ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಪ್ಯಾಕಿಂಗ್ ಇಟ್ಟು ಕೂಡಿಸಿದ. ಕೆಂಪೆಣ್ಣೆ ಹಾಕಿದ. ಕೆಳಗೆ ರಟ್ಟು ಹಾಸಿ ನೋಡಿದೆವು. ಒಂದು ಹನಿ ಇಲ್ಲ.

ಏರಿನ ತುದಿಯಲ್ಲಿ ತಮ್ಮ ಮೋಟರ್ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕಾರು ಅರ್ಧ ಏರು ಚಲೋ ಹತ್ತಿತು. ತಿರುವಿನಲ್ಲಿ ಎಂಜಿನ್ನು ಒಮ್ಮೆಲೆ ಒದರತೊಡಗಿತು, ಗಾಲಿ ಮಾತ್ರ ತಿರುಗಲಿಲ್ಲ. ನಿಧಾನಕ್ಕೆ ಹಿಂದಕ್ಕೆ ಜಾರಿದೆವು. ಅಕ್ಕಾರು ಬ್ರೇಕು ಹಾಕಿ, ಎಂಜಿನ್ನು ಬಂದ್ ಮಾಡಿ, ನನ್ನತ್ತ ನೋಡದೆ ಕೈ ಚಾಚಿದರು. ನಾನು ಬೂಟು ಕೊಟ್ಟೆ. ಬಾಗಿಲು ತೆಗೆಯದೆ, ಕುಳಿತಲ್ಲೇ ಹಾಕಿಕೊಂಡು, ಪಟ್ಟಿಗಳನ್ನು ಒಂದೊಂದಾಗಿ ಬಿಗಿದರು. ತಮ್ಮ ಇಳಿದು ಬಂದಾಗ ಕಿಟಕಿಯಿಂದ ಕೀಲಿ ಕೊಟ್ಟರು. ಮೋಟರ್ ಸೈಕಲ್ಲಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತು ಹೋದರು. ತಮ್ಮನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಇದನ್ನು ನಾನು ಅವತ್ತೇ ನೋಡಿದೆನೋ, ಇವತ್ತು ಸೇರಿಸಿದೆನೋ, ತಿಳಿಯದು.

ಆಮೇಲೆ ತಮ್ಮ ಅಂಗಡಿಗೆ ಬಾಗಿಲು ಹಾಕಿ ಅವರನ್ನು ದನದ ದವಾಖಾನೆಗೆ ಬಿಡುವುದು, ಕರೆತರುವುದು ಮಾಡಿದರು. ಬೇಸರವಿಲ್ಲದೆ ಮಾಡಿದರು. “ಹೋಗೂಣು ಅಕ್ಕಾ,” ಎಂದು ಅಂಗಳದಿಂದ ಕರೆದರೆ ಮೇಲೆ ನನಗೆ ಕೇಳುತ್ತಿತ್ತು. ಅಕ್ಕಾರು ನಗುವುದು ಬಿಟ್ಟಿರಲಿಲ್ಲ. ಚೇಷ್ಟೆಯೂ ಇತ್ತು. ಆದರೆ ಕುರಿಗಾರರು ಫೋನು ಮಾಡಿದರೆ, ಎಲ್ಲಿದೆ ಹಟ್ಟಿ ಎಂದು ಕೇಳುವ ಮುನ್ನ, “ತಮ್ಮಗ ಬಿಡುವೈತೇನ ನೋಡ್ತೇನಿ,” ಎನ್ನುವುದು ಶುರುವಾಗಿತ್ತು.

ಒಂದು ಸಂಜೆ ಗ್ಯಾರೇಜಿನ ಮುಂದೆ ಹಾಯುವಾಗ ಮೋಟರ್ ಸೈಕಲ್ ನಿಲ್ಲಿಸಲು ಹೇಳಿ ಇಳಿದರಂತೆ. ನಾನು ಕಾಲೇಜಿನಿಂದ ಬರುತ್ತಿದ್ದವನು ನೋಡಿ ನಿಂತೆ. ಏರಿನಿಂದ ತಂದು ಜಾಕಿನ ಮೇಲೆ ನಿಲ್ಲಿಸಿದ್ದ ಕಾರಿನ ಬದಿಗೆ ಕುಳಿತು, ಕೈ ಒಳಗೆ ಚಾಚಿ, ಆ ದುಂಡು ತಳಕ್ಕೆ ಮುಷ್ಟಿ ಒತ್ತಿ ಕಣ್ಣು ಮುಚ್ಚಿದರು. ಎಮ್ಮೆಗೆ ಮಾಡುತ್ತಿದ್ದಂತೆಯೇ. ಮಿಸ್ತ್ರಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ.

“ಎಣ್ಣಿ ಎಷ್ಟ ಹಾಕಿದಿ?”

“ಮದಲ ಎಷ್ಟ ಹಿಡೀತಿತ್ತೋ ಅಷ್ಟರೀ.”

“ಹೊಟ್ಟಿ ದೊಡ್ಡದಾಗೇತಿ. ಮೇವು ಅಷ್ಟ ಹಾಕೀದಿ. ಏರು ಹತ್ತತೈತೇನ ಅದು?”

ಮಿಸ್ತ್ರಿಯ ನಗೆ ನಿಂತಿತು. ಅಜ್ಜನ ದುಂಡು ತಳ ಹೆಚ್ಚು ಎಣ್ಣೆ ಬೇಡುತ್ತಿತ್ತು. ಹಾಕಿದ್ದು ತಳದಲ್ಲೇ ಉಳಿದು, ಏರಿನಲ್ಲಿ ಹಿಂದಕ್ಕೆ ಸರಿದು, ಗೇರ್‌ಬಾಕ್ಸು ಬರೀ ಗಾಳಿ ಹೀರಿತ್ತು. ಎಂಜಿನ್ನು ಬಂದ್ ಮಾಡಿ ಅಳತೆಯ ಕಡ್ಡಿ ನೋಡಿದ್ದರಿಂದ ಮಿಸ್ತ್ರಿಗೆ ಕೊರತೆ ಕಂಡಿರಲಿಲ್ಲ. ಇಂಥದ್ದನ್ನು ಎಂಜಿನ್ನು ಚಾಲೂ ಇಟ್ಟೇ ನೋಡಬೇಕಂತೆ.

ಎಣ್ಣೆ ಬಂತು. ಕೀಲಿ ಮಾತ್ರ ತಮ್ಮನ ಕಿಸೆಯಲ್ಲಿತ್ತು. ಅಕ್ಕಾರು ಅವರತ್ತ ನೋಡಿ, “ಇನ್ನೊಮ್ಮಿ,” ಎಂದರು. ಕೊಡದೇ ಇರಬಹುದಿತ್ತು, ಕರಾರು ಮುಗಿದಿತ್ತು. ತಮ್ಮ ಕೀಲಿಯನ್ನು ಅಂಗಿಯ ತುದಿಯಿಂದ ಒಮ್ಮೆ ಒರೆಸಿ ಕೊಟ್ಟರು.

ಮರುದಿನ ಏರು ಹತ್ತಿದೆವು. ತಿರುವಿನಲ್ಲಿ ನಾನು ಬೂಟನ್ನು ಎದೆಗವಚಿಕೊಂಡಿದ್ದೆ. ತುದಿಯಲ್ಲಿ ನಿಂತಿದ್ದ ತಮ್ಮನನ್ನು ಅಕ್ಕಾರು ನಿಲ್ಲದೆ, ಹಾರ್ನು ಹೊಡೆಯುತ್ತ ದಾಟಿದರು. ಮನೆಗೆ ಬಂದ ಮೇಲೆ ತಮ್ಮ, ಆ ಸಣ್ಣ ದನಿಯಲ್ಲೇ, “ನೀ ಇದನ್ನ ಹೊಡಿಯೂದ ಬಿಡೂತನಾ ನಾ ಈ ಗಾಡ್ಯಾಗ ಕಾಲಿಡಂಗಿಲ್ಲ,” ಎಂದರು.

“ಬ್ಯಾಡ ಬಿಡು. ಬೂಟ ಹಿಡ್ಯಾಕ ಮಾಸ್ತರ ಅದಾರ.”

ಇಬ್ಬರೂ ಮಾತು ಉಳಿಸಿಕೊಂಡರು. ಅಕ್ಕಾರು ರಿಟೈರಾದ ಮೇಲೂ ಕುರಿಹಟ್ಟಿಗಳಿಗೆ ಹೋಗುವುದು ಬಿಡಲಿಲ್ಲ. ಹೊಸ ಚೇಂಬರು ಹುಡುಕಿಸಲೂ ಇಲ್ಲ. ದುಂಡು ತಳ ನೆಲಕ್ಕೆ ಹತ್ತಿರವಿದ್ದುದರಿಂದ, ಪ್ರತಿ ರಸ್ತೆ ಉಬ್ಬಿಗೂ ಕಾರನ್ನು ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತಿದ್ದರು. “ಗಬ್ಬದ ಎಮ್ಮಿರೀ ಇದು. ಸಾವಕಾಶ.” ನಾನು ಊರು ಬಿಟ್ಟು, ಕೆಲಸ ಬಿಟ್ಟು, ಬೇರೆ ಕೆಲಸ ಹಿಡಿದು ಧಾರವಾಡ ಸೇರಿದೆ. ಆಮೇಲಿನ ಅಕ್ಕಾರು ನನಗೆ ಫೋನಿನ ದನಿಯಷ್ಟೇ.

ಆರಾಧನೆಯ ಹಿಂದಿನ ದಿನವೇ ಹೋದೆ. ಅಂಗಳದಲ್ಲಿ ಪೆಂಡಾಲು ಹಾಕಬೇಕಿತ್ತು. ಕಾರು ನಡುವೆ ನಿಂತಿತ್ತು. ಬಿಳಿಯದು. ಎಂದಾದರೂ ಬೂದು ಇತ್ತೇ ಎಂದು ಕೇಳಿದೆ. “ಏ, ಹುಟ್ಟಾ ಬಿಳೀದರೀ,” ಎಂದ, ಬ್ಯಾಟರಿ ಜೋಡಿಸಲು ಬಂದ ಮಿಸ್ತ್ರಿ. ಅವನ ತಲೆಯೂ ಈಗ ಬೆಳ್ಳಗಾಗಿದೆ. ಹೊಟ್ಟೆ ದೊಡ್ಡದಾಯಿತು ಎಂಬ ಮಾತು ತೆಗೆದರೆ ಅವನು ಗಂಭೀರವಾಗಿ, “ಅದನ್ನ ಅಂದಾವ ನಾನರೀ ಸರ. ಅಕ್ಕಾರ ನಕ್ಕರು,” ಎಂದ. ನನ್ನ ನೆನಪಿನಲ್ಲಿ ನಕ್ಕವನು ಅವನು. ಅವನೂ ಆಣೆ ಮಾಡುತ್ತಾನೆ, ನಾನೂ ಮಾಡಬಲ್ಲೆ. ನಾನು ಮೊಣಕಾಲೂರಿ ಕಾರಿನ ಕೆಳಗೆ ಕೈ ಚಾಚಿದೆ. ದುಂಡು ತಳ, ಅದರ ತುಂಬ ಅಜ್ಜನ ಸುತ್ತಿಗೆಯ ಸಣ್ಣ ಸಣ್ಣ ಗುಳಿಗಳು. ಇಷ್ಟಂತೂ ನಡೆದದ್ದು.

“ಮಾಸ್ತರ, ನೀವ ತಗೀರಿ ಹೊರಗ,” ಎಂದರು ತಮ್ಮ. “ನನಗ ಈ ಗಾಡಿ ತಿಳಿಯಂಗಿಲ್ಲ.”

ನಾನು ಕುಳಿತೆ. ಎಡಗಾಲು ತನ್ನಷ್ಟಕ್ಕೆ ಕ್ಲಚ್ ಹುಡುಕಿ, ಬರೀ ನೆಲ ತುಳಿಯಿತು. ಅಷ್ಟರಲ್ಲಿ ಆ ಕಡೆಯ ಬಾಗಿಲು ತೆರೆಯಿತು. ಬಾಜೂ ಸೀಟಿನ ಮೇಲೆ ಬೂಟು ಇತ್ತು, ಯಾರೂ ತೆಗೆದಿರಲಿಲ್ಲ. ತಮ್ಮ ಅದನ್ನು ಎರಡೂ ಕೈಯಿಂದ ಎತ್ತಿ, ಆ ದೊಡ್ಡ ಮೈಯನ್ನು ಬಗ್ಗಿಸಿ ಒಳಗೆ ಕುಳಿತು, ತೊಡೆಯ ಮೇಲೆ ಇಟ್ಟುಕೊಂಡರು. ಎಂಜಿನ್ನು ಚಾಲೂ ಇತ್ತು. ಯಾರೋ ಏನೋ ಅನ್ನಬೇಕೆಂದು ಇಬ್ಬರೂ ಕಾದಂತಿತ್ತು.

“ಹೋಗೂಣ್ರಿ,” ಎಂದರು.

ಗೇಟಿನ ಹೊರಗೆ ನಿಲ್ಲಿಸಿದರೆ ಸಾಕಿತ್ತು. ನಾನು ನಿಲ್ಲಿಸಲಿಲ್ಲ, ಅವರೂ ನಿಲ್ಲಿಸಿ ಎನ್ನಲಿಲ್ಲ. ಸಾಲಿಯ ಮುಂದಿನ ರಸ್ತೆ ಉಬ್ಬು ಬಂತು. ನಾನು ಯೋಚನೆಯಲ್ಲಿ ನೇರ ಹೊರಟಿದ್ದೆ.

“ಓರೆ ತಗೋರಿ,” ಎಂದರು ತಮ್ಮ. “ಮದಲ ಎಡಗಡೆ ಗಾಲಿ. ಈಗ ಅಲ್ಲ. ಹಾಂ, ಈಗ. ಇಲ್ಲಾಂದ್ರ ಹೊಟ್ಟಿ ಬಡೀತೈತಿ.”

ಕಾರು ಸದ್ದಿಲ್ಲದೆ ಇಳಿಯಿತು. ನಾನು ಅವರ ಮುಖ ನೋಡಿದೆ. ಅವರು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು.

“ಒಮ್ಮಿನೂ ಒಳಗ ಕುಂತಿಲ್ರಿ ನಾ. ಆಣಿ ಮಾಡಿದ್ನಲ್ಲಾ,” ಎಂದರು. “ಆದ್ರ ಹಿಂದ ಇರ್ತಿದ್ದೆ. ಅಕ್ಕಗ ಕಾಣಲಾರದಷ್ಟು ದೂರ ಬಿಟ್ಟು, ಮೋಟರ್ ಸೈಕಲ್ ಮ್ಯಾಲ. ಹುಕ್ಕೇರಿ ಮಟಾ, ಮೂಡಲಗಿ ಮಟಾ. ಆಕಿಗಿ ಗೊತ್ತಿರಲಿಲ್ಲ.”

ನಾನು ಕನ್ನಡಿಯತ್ತ ಕಣ್ಣು ಹಾಯಿಸಿದೆ. ಅಕ್ಕಾರು ಇಟ್ಟುಕೊಂಡಂತೆಯೇ ಅದು ಸ್ವಲ್ಪ ಕೆಳಗೆ ವಾಲಿತ್ತು. ಖಾಲಿ ರಸ್ತೆಯಲ್ಲಿ ದೂರದ ಆ ಹಾಲಿನವನ ಮೋಟರ್ ಸೈಕಲ್ಲನ್ನು ಮತ್ತೆ ನೆನಪಿಗೆ ತಂದುಕೊಂಡೆ. ಎಷ್ಟು ಹುಡುಕಿದರೂ ಈಗ ಅದರ ಎರಡೂ ಬದಿಗೆ ಹಾಲಿನ ಕ್ಯಾನುಗಳು ಕಾಣಿಸಲಿಲ್ಲ.